ಗಡಸು ನೀರಿನ ಮನೆಯಲ್ಲಿ ಎಲ್ಲಿ ಖರ್ಚು ಮಾಡಬೇಕು?

ಗೃಹಪ್ರವೇಶದ ತೋರಣ ಒಣಗುವ ಹೊತ್ತಿಗೆ ಹೊಸ ನಲ್ಲಿಗಳ ಕತ್ತಿನಲ್ಲಿ ಬಿಳಿ ಪೊರೆ ಕಾಣಿಸಿಕೊಳ್ಳುತ್ತದೆ. ಕೆಲವೇ ತಿಂಗಳಲ್ಲಿ ಶವರಿನ ಅರ್ಧ ತೂತುಗಳು ಮುಚ್ಚಿ ನೀರು ಗೋಡೆಗೆ ಹಾರತೊಡಗುತ್ತದೆ. ಹಳೇ ಮನೆಯಲ್ಲಿ ಮೂರು ವಿಷಲ್ಲಿಗೆ ಕರಗುತ್ತಿದ್ದ ತೊಗರಿಬೇಳೆ ಇಲ್ಲಿ ಐದಾದರೂ ಕಾಳುಕಾಳಾಗಿಯೇ ಉಳಿಯುತ್ತದೆ. ಬಸವನಗುಡಿ, ಮಲ್ಲೇಶ್ವರಗಳಿಂದ ಸರ್ಜಾಪುರದ ಕಡೆಗೋ ಹೊಸಕೋಟೆಯ ಕಡೆಗೋ ಮನೆ ಬದಲಿಸಿದವರಿಗೆ ಇದು ಗೊತ್ತಿರುವ ಕಥೆ. ಕಾವೇರಿ ನೀರು ಹೋಗಿ ಬೋರ್ ನೀರು ಅಥವಾ ಟ್ಯಾಂಕರ್ ನೀರು ಬಂದಿರುತ್ತದೆ.

ಇಂಥ ಹೊತ್ತಿನಲ್ಲೇ ಬಾಗಿಲಿಗೆ ಮಾರಾಟದವರು ಬರುತ್ತಾರೆ. ಕೂದಲು ಉದುರುತ್ತದೆ, ಕಿಡ್ನಿಯಲ್ಲಿ ಕಲ್ಲಾಗುತ್ತದೆ ಎಂದು ಹೆದರಿಸಿ, ಇಡೀ ಮನೆಯ ನೀರನ್ನೇ ಬದಲಿಸುವ ಯಂತ್ರ ತೋರಿಸುತ್ತಾರೆ. ದುಡ್ಡು ಕೊಡುವ ಮೊದಲು, ಈ ನೀರು ಮನೆಯಲ್ಲಿ ಎಲ್ಲಿ ಕೆಡುಕು ಮಾಡುತ್ತದೆ, ಎಲ್ಲಿ ಮಾಡುವುದೇ ಇಲ್ಲ ಎಂದು ನೋಡಿಕೊಳ್ಳಬೇಕು. ಕಾಯಿಸುವ ನೀರು, ಬೇಳೆ ಬೇಯಿಸುವ ನೀರು, ಸಾಬೂನು ತಾಗುವ ನೀರು, ಈ ಮೂರರಲ್ಲಿ ಗಡಸುತನ ತೊಂದರೆ ಕೊಡುತ್ತದೆ. ಫ್ಲಶ್ಶಿಗೆ, ಅಂಗಳ ತೊಳೆಯಲು, ನೆಲ ಒರೆಸಲು ಅದೇ ನೀರು ಸಾಕು. ಆ ನೀರನ್ನು ಮೆದು ಮಾಡಲು ಹಾಕುವ ಪ್ರತಿ ರೂಪಾಯಿಯೂ ಚರಂಡಿ ಸೇರುತ್ತದೆ.

ಕಲ್ಲಿನಿಂದ ಬಂದದ್ದು

ಮಳೆ ನೀರಿನಲ್ಲಿ ಗಡಸು ಇಲ್ಲವೆಂದೇ ಹೇಳಬಹುದು. ಅದು ಮಣ್ಣಿಗಿಳಿಯುವಾಗ ಅಲ್ಲಿನ ಇಂಗಾಲದ ಡೈಆಕ್ಸೈಡನ್ನು ಹೀರಿ ತುಸು ಹುಳಿಯಾಗುತ್ತದೆ. ಆ ಹುಳಿಯ ಬಲದಿಂದ ಕಲ್ಲಿನ ಕ್ಯಾಲ್ಸಿಯಂ ಮತ್ತು ಮೆಗ್ನೀಸಿಯಂ ಕರಗಿ ನೀರಿಗೆ ಸೇರುತ್ತವೆ. ಕಲ್ಲಿನೊಳಗೆ ನೀರು ಎಷ್ಟು ಹೆಚ್ಚು ಕಾಲ ಉಳಿಯುತ್ತದೋ ಅಷ್ಟು ಗಡಸು. ಸಾವಿರ ಅಡಿಯ ಬೋರ್‌ವೆಲ್ಲಿನ ನೀರಿಗೂ ನದಿಯ ನೀರಿಗೂ ಇರುವ ವ್ಯತ್ಯಾಸ ಮುಖ್ಯವಾಗಿ ಇದೇ.

ಕರ್ನಾಟಕದಲ್ಲಿ ಇದು ಊರಿಂದೂರಿಗೆ ಬದಲಾಗುತ್ತದೆ. ಕಲಬುರಗಿಯ ಸೇಡಂ, ಶಹಾಬಾದ್, ವಾಡಿ ಕಡೆ ನೆಲದಡಿ ಸುಣ್ಣಕಲ್ಲು. ಸಿಮೆಂಟ್ ಕಾರ್ಖಾನೆಗಳು ಅಲ್ಲಿ ಸಾಲುಗಟ್ಟಿರುವುದೂ ಅದಕ್ಕಾಗಿಯೇ. ಬಾಗಲಕೋಟೆಯ ಸುತ್ತಲೂ ಸುಣ್ಣಕಲ್ಲಿನ ಪದರಗಳಿವೆ. ಬೆಂಗಳೂರು, ಕೋಲಾರ, ತುಮಕೂರುಗಳಲ್ಲಿ ಇರುವುದು ಗ್ರಾನೈಟು, ನೈಸ್ ಬಂಡೆಗಳು. ಅವು ನಿಧಾನವಾಗಿ ಶಿಥಿಲವಾದರೂ ನೀರನ್ನು ಗಡಸು ಮಾಡುವಷ್ಟು ಕ್ಯಾಲ್ಸಿಯಂ ಬಿಡುತ್ತವೆ. ಕರಾವಳಿಯ ಜಂಬಿಟ್ಟಿಗೆ ನೆಲದ ಬಾವಿ ನೀರು ಸಾಮಾನ್ಯವಾಗಿ ತೀರಾ ಮೆದು. ಉಡುಪಿಯಿಂದಲೋ ಶಿರಸಿಯಿಂದಲೋ ಬಂದವರು ಬೆಂಗಳೂರಿನ ಬಚ್ಚಲಲ್ಲಿ ಸಾಬೂನು ನೊರೆಯೇ ಬರುವುದಿಲ್ಲ ಎಂದು ಪೇಚಾಡುತ್ತಾರೆ. ಇಲ್ಲಿಂದ ಅಲ್ಲಿಗೆ ಹೋದವರು ಎಷ್ಟು ನೀರು ಹೊಯ್ದುಕೊಂಡರೂ ಮೈಯ ಜಾರು ಹೋಗುವುದಿಲ್ಲ ಎನ್ನುತ್ತಾರೆ.

ಮೊದಲು ಅಳೆಯಿರಿ

ಗಡಸುತನವನ್ನು ಕ್ಯಾಲ್ಸಿಯಂ ಕಾರ್ಬೊನೇಟಿನ ಲೆಕ್ಕದಲ್ಲಿ, ಲೀಟರಿಗೆ ಇಷ್ಟು ಮಿಲಿಗ್ರಾಂ ಎಂದು ಹೇಳುತ್ತಾರೆ. 60ರ ಒಳಗಿದ್ದರೆ ಮೆದು ನೀರು. 180 ದಾಟಿದರೆ ತುಂಬಾ ಗಡಸು. ಭಾರತೀಯ ಮಾನಕ ಬ್ಯೂರೋದ ಕುಡಿಯುವ ನೀರಿನ ಮಾನದಂಡ (ಐಎಸ್ 10500) 200 ಮಿಲಿಗ್ರಾಂವರೆಗೆ ಸ್ವೀಕಾರಾರ್ಹ ಎನ್ನುತ್ತದೆ. ಬೇರೆ ನೀರೇ ಇಲ್ಲದ ಕಡೆ 600ರವರೆಗೂ ಒಪ್ಪುತ್ತದೆ.

ಇಲ್ಲಿ ಬಹಳ ಮಂದಿ ಎಡವುವುದು ಟಿಡಿಎಸ್ ಮೀಟರಿನಿಂದ. ಪೆನ್ನಿನಂಥ ಆ ಸಾಧನ ನೀರಿನಲ್ಲಿ ವಿದ್ಯುತ್ ಎಷ್ಟು ಹರಿಯುತ್ತದೆ ಎಂದು ನೋಡಿ, ಒಟ್ಟು ಕರಗಿದ ಲವಣ ಎಷ್ಟಿರಬಹುದೆಂದು ಅಂದಾಜು ಕೊಡುತ್ತದೆ. ಅದರಲ್ಲಿ ಅಡುಗೆ ಉಪ್ಪು ಎಷ್ಟು, ಕ್ಯಾಲ್ಸಿಯಂ ಎಷ್ಟು ಎಂಬುದು ಅದಕ್ಕೆ ತಿಳಿಯದು. ಹಾಗಾಗಿ 800 ಟಿಡಿಎಸ್ ಇರುವ ಎರಡು ಬೋರ್‌ವೆಲ್‌ಗಳಲ್ಲಿ ಒಂದರ ಗಡಸುತನ 200, ಇನ್ನೊಂದರದ್ದು 500 ಇರಬಹುದು. ಗಡಸುತನಕ್ಕೆ ಬೇರೆಯೇ ಕಿಟ್ ಸಿಗುತ್ತದೆ. ನೀರಿಗೆ ಬಣ್ಣದ ದ್ರಾವಣ ಬೆರೆಸಿ, ಕೆಂಪು ನೀಲಿಗೆ ತಿರುಗುವವರೆಗೆ ಇನ್ನೊಂದು ದ್ರಾವಣವನ್ನು ಹನಿಹನಿಯಾಗಿ ಹಾಕಿ ಎಣಿಸುವುದು. ಮನೆಯಲ್ಲೇ ಮಾಡಬಹುದು. ಹಳ್ಳಿಗಳಲ್ಲಿ ಜಲ ಜೀವನ್ ಮಿಷನ್ ಅಡಿ ಜಿಲ್ಲಾ ಪ್ರಯೋಗಾಲಯಗಳು ಕಡಿಮೆ ಶುಲ್ಕಕ್ಕೆ ಸಾರ್ವಜನಿಕರ ನೀರನ್ನೂ ಪರೀಕ್ಷಿಸುತ್ತವೆ. ಅಲ್ಲಿಗೆ ಕೊಡುವಾಗ ಗಡಸುತನದ ಜೊತೆ ಫ್ಲೋರೈಡ್, ನೈಟ್ರೇಟ್ ಎರಡನ್ನೂ ಕೇಳಿ ಬರೆಸಿ. ಕಾರಣ ಮುಂದೆ ಹೇಳುತ್ತೇನೆ.

ಕಿಟ್ ಇಲ್ಲದಿದ್ದರೆ ಒಂದು ಸಣ್ಣ ಉಪಾಯವಿದೆ. ಒಂದೇ ಅಳತೆಯ ಎರಡು ಬಾಟಲಿ ತೆಗೆದುಕೊಂಡು ಒಂದಕ್ಕೆ ನಿಮ್ಮ ನಲ್ಲಿಯ ನೀರು, ಇನ್ನೊಂದಕ್ಕೆ ಮಳೆ ನೀರು ಅಥವಾ ಆರ್‌ಒ ನೀರು ಅರ್ಧ ತುಂಬಿಸಿ. ಎರಡಕ್ಕೂ ಬಟ್ಟೆ ಸೋಪಿನ ಒಂದೇ ಗಾತ್ರದ ಚೂರು ಹಾಕಿ ಕುಲುಕಿ. ಡಿಟರ್ಜೆಂಟ್ ಬೇಡ, ಹಳೇ ಬಗೆಯ ಸಾಬೂನೇ ಆಗಬೇಕು. ಒಂದರಲ್ಲಿ ನೊರೆ ಏರಿ, ಇನ್ನೊಂದರಲ್ಲಿ ಹಾಲು ಒಡೆದಂತೆ ಗರಣೆ ಕಟ್ಟಿದರೆ ಉತ್ತರ ಸಿಕ್ಕಿತು.

ಸಂಪಿನಲ್ಲಿ ಕಾವೇರಿ ಮತ್ತು ಬೋರ್ ನೀರು ಬೆರೆಯುವ ಮನೆಗಳಲ್ಲಿ ಗಡಸುತನ ದಿನದಿನಕ್ಕೆ ಬದಲಾಗುತ್ತದೆ. 100 ಇರುವ ನೀರಿಗೆ 600 ಇರುವ ನೀರು ಅರ್ಧಕ್ಕರ್ಧ ಸೇರಿದರೆ 350. ಮನೆ ಕಟ್ಟುವಾಗಲೇ ಎರಡು ಸಂಪು, ಎರಡು ಪೈಪು ಮಾಡಿಸುವುದು, ಅಥವಾ ಕಡೇಪಕ್ಷ ಕಾವೇರಿಯ ಒಂದು ನಲ್ಲಿಯನ್ನು ನೇರ ಅಡುಗೆಮನೆಗೆ ತರುವುದು, ನನ್ನ ಲೆಕ್ಕದಲ್ಲಿ ಎಲ್ಲ ಯಂತ್ರಗಳಿಗಿಂತ ಒಳ್ಳೆಯ ಹೂಡಿಕೆ. ಪ್ಲಂಬರ್ ಒಮ್ಮೆ ಮಾಡಿದರೆ ಮುಗಿಯಿತು. ಉಪ್ಪು ಬೇಡ, ಕರೆಂಟ್ ಬೇಡ, ಸರ್ವಿಸ್ ಬೇಡ.

ಗೀಸರು, ಸೋಲಾರು

ಗಡಸುತನದಲ್ಲಿ ಎರಡು ಬಗೆ. ಬೈಕಾರ್ಬೊನೇಟ್ ರೂಪದ್ದು ಕಾಯಿಸಿದರೆ ಕಲ್ಲಾಗಿ ಕೂರುತ್ತದೆ; ಸಲ್ಫೇಟ್, ಕ್ಲೋರೈಡ್ ರೂಪದ್ದು ಕುದಿಸಿದರೂ ನೀರಿನಲ್ಲೇ ಉಳಿಯುತ್ತದೆ. ಮೊದಲನೆಯದೇ ಗೀಸರಿನ ಶತ್ರು. ನಾಲ್ಕು ಜನರ ಮನೆಗೆ ದಿನಕ್ಕೆ 540 ಲೀಟರ್ ನೀರು, ಗಡಸುತನ 400 ಎಂದಿಟ್ಟುಕೊಳ್ಳಿ. ದಿನಕ್ಕೆ 216 ಗ್ರಾಂ, ತಿಂಗಳಿಗೆ ಆರು ಕಿಲೋ ಮೀರಿದಷ್ಟು ಸುಣ್ಣಕಲ್ಲಿನ ಅಂಶ ಆ ಮನೆಯ ಕೊಳವೆಗಳಲ್ಲಿ ಹಾದುಹೋಗುತ್ತದೆ. ಬಹುಪಾಲು ಸುಮ್ಮನೆ ಹೊರಟುಹೋಗುತ್ತದೆ. ಉಳಿದುಕೊಳ್ಳುವುದು ಬಿಸಿ ತಾಗಿದ ಕಡೆ.

ಗೀಸರಿನ ಕಾಯಿಲ್ ಮೇಲೆ ಹಕ್ಕಳೆ ಕಟ್ಟಿದರೆ ಕರೆಂಟ್ ಬಿಲ್ ಎರಡರಷ್ಟಾಗುತ್ತದೆ ಎಂಬ ಮಾತಿದೆ. ಎಲೆಕ್ಟ್ರಿಕ್ ಗೀಸರಿನ ಮಟ್ಟಿಗೆ ಅದು ಉತ್ಪ್ರೇಕ್ಷೆ. ಕಾಯಿಲ್ ನೀರಿನೊಳಗೇ ಮುಳುಗಿರುವುದರಿಂದ ಅದರ ಶಾಖ ಕೊನೆಗೂ ನೀರಿಗೇ ಹೋಗಬೇಕು. ಕೆಡುಕು ಬೇರೆ ಕಡೆ ಇದೆ. ಹಕ್ಕಳೆ ಶಾಖವನ್ನು ತಡೆಯುವುದರಿಂದ ಕಾಯಿಲ್ ಅತಿಯಾಗಿ ಕಾದು, ಬಾಳಿಕೆಯ ಮೊದಲೇ ಸುಟ್ಟುಹೋಗುತ್ತದೆ. ಗ್ಯಾಸ್ ಗೀಸರಿನಲ್ಲಿ ಮಾತ್ರ ನಷ್ಟ ನೇರವಾದದ್ದು: ನೀರಿಗೆ ದಾಟದ ಶಾಖ ಹೊಗೆಯೊಂದಿಗೆ ಹೊರಗೆ ಹೋಗಿಬಿಡುತ್ತದೆ.

ಗೀಸರಿನೊಳಗಿಂದ ಟಕ್ ಟಕ್ ಸದ್ದು, ಬಿಸಿಯಾಗಲು ಮೊದಲಿಗಿಂತ ಹೆಚ್ಚು ಹೊತ್ತು, ಬಕೆಟಿನಲ್ಲಿ ಬಿಳಿ ಚೂರುಗಳು, ಇವು ಕಂಡರೆ ಮೆಕ್ಯಾನಿಕ್‌ನನ್ನು ಕರೆಸಬೇಕು. ಗಡಸು ನೀರಿನ ಮನೆಯಲ್ಲಿ ವರ್ಷಕ್ಕೊಮ್ಮೆ ಕಾಯಿಲ್ ಬಿಚ್ಚಿಸಿ ತೊಳೆಸುವುದು ಅಗತ್ಯ. ಆಗ ಎರಡು ಭಾಗಗಳನ್ನು ನಿಮ್ಮ ಕಣ್ಣೆದುರೇ ತೋರಿಸಲು ಹೇಳಿ. ಒಂದು ಆನೋಡ್ ರಾಡ್: ತೊಟ್ಟಿಗೆ ತುಕ್ಕು ಹಿಡಿಯದಂತೆ ತಾನೇ ಸವೆಯುವ ಮೆಗ್ನೀಸಿಯಂ ಕಡ್ಡಿ. ಸವೆದು ತಂತಿಯಷ್ಟಾಗಿದ್ದರೆ ಬದಲಿಸಲೇಬೇಕು. ಇನ್ನೊಂದು ಸೇಫ್ಟಿ ವಾಲ್ವ್. ಒಳಗೆ ಒತ್ತಡ ಮಿತಿಮೀರಿದಾಗ ನೀರು ಹೊರಬಿಡುವ ಈ ಪುಟ್ಟ ಭಾಗ ಹಕ್ಕಳೆಯಿಂದ ಕಚ್ಚಿಕೊಂಡರೆ ಗೀಸರ್ ಸಿಡಿಯುವ ಅಪಾಯವಿದೆ. ವಾಲ್ವಿನಿಂದ ಹನಿ ಬೀಳುತ್ತದೆಂದು ಅದರ ಬಾಯಿಗೆ ಬಿರಡೆ ಹಾಕಿಸುವವರಿದ್ದಾರೆ. ದಯವಿಟ್ಟು ಹಾಗೆ ಮಾಡಬೇಡಿ, ಹೊಸದು ಹಾಕಿಸಿ.

ಉಷ್ಣತೆಯ ಗುಂಡಿಯನ್ನು 55ರಿಂದ 60 ಡಿಗ್ರಿಯ ನಡುವೆ ಇಡಿ. 75ಕ್ಕೆ ಕಾಯಿಸಿ ತಣ್ಣೀರು ಬೆರೆಸುವ ಅಭ್ಯಾಸದಿಂದ ಹಕ್ಕಳೆ ಬಲುಬೇಗ ಬೆಳೆಯುತ್ತದೆ. ಬಕೆಟಿಗೆ ಹಾಕುವ ಹೀಟರ್ ರಾಡಿನ ಮೇಲಿನ ಹಕ್ಕಳೆಯನ್ನು ಚಾಕುವಿನಿಂದ ಕೆರೆಯಬಾರದು. ಪ್ಲಗ್ ಕಿತ್ತು, ರಾಡ್ ತಣ್ಣಗಾದ ಮೇಲೆ, ನಿಂಬೆ ಉಪ್ಪು ಕರಗಿಸಿದ ನೀರಿನಲ್ಲಿ ಕಾಯಿಲ್ ಭಾಗವನ್ನಷ್ಟೇ ನೆನೆಸಿಟ್ಟರೆ ಅದು ಗುಳ್ಳೆ ಎದ್ದು ಕಳಚಿಕೊಳ್ಳುತ್ತದೆ.

ಸೋಲಾರ್ ಹಾಕಿಸುವವರು ಇನ್ನೂ ಹೆಚ್ಚು ಯೋಚಿಸಬೇಕು. ಫ್ಲಾಟ್ ಪ್ಲೇಟ್ ಮಾದರಿಯಲ್ಲಿ ನೀರು ತೆಳ್ಳನೆಯ ತಾಮ್ರದ ಕೊಳವೆಗಳಲ್ಲಿ ತಾನಾಗಿ ಮೇಲೇರಿ ಸುತ್ತುತ್ತದೆ. ಹಕ್ಕಳೆಯಿಂದ ಕೊಳವೆ ಕಿರಿದಾದರೆ ಆ ಸುತ್ತಾಟವೇ ನಿಧಾನವಾಗಿ, ನೆತ್ತಿ ಸುಡುವ ಬಿಸಿಲಿನಲ್ಲೂ ಉಗುರುಬೆಚ್ಚಗಿನ ನೀರು ಬರುತ್ತದೆ. ಬೋರ್ ನೀರಿನ ಮನೆಗೆ ಗಾಜಿನ ಟ್ಯೂಬಿನ ಮಾದರಿ ವಾಸಿ. ಟ್ಯೂಬುಗಳು ಅಗಲವಾಗಿರುತ್ತವೆ, ಬಿಚ್ಚಿ ತೊಳೆಯಲೂ ಬರುತ್ತದೆ. ಫ್ಲಾಟ್ ಪ್ಲೇಟೇ ಬೇಕೆಂದರೆ ಹೀಟ್ ಎಕ್ಸ್‌ಚೇಂಜರ್ ಇರುವುದನ್ನು ಕೇಳಿ. ಅದರಲ್ಲಿ ಫಲಕದೊಳಗೆ ಬೇರೆಯದೇ ದ್ರವ ಸುತ್ತುತ್ತದೆ, ನಿಮ್ಮ ನೀರು ಅಲ್ಲಿಗೆ ಹೋಗುವುದೇ ಇಲ್ಲ.

ಬೇಳೆ, ಕಾಫಿ, ಪಾತ್ರೆ

ಬೇಳೆ ಬೇಯದಿರುವುದಕ್ಕೆ ಬೇಳೆಯನ್ನು ದೂರುವುದು ಅನ್ಯಾಯ. ಕಾಳಿನ ಜೀವಕೋಶಗಳನ್ನು ಒಂದಕ್ಕೊಂದು ಅಂಟಿಸಿರುವುದು ಪೆಕ್ಟಿನ್. ಕ್ಯಾಲ್ಸಿಯಂ ಆ ಪೆಕ್ಟಿನ್‌ಗೆ ಸೇರಿ ಅದನ್ನು ಗಟ್ಟಿ ಮಾಡುತ್ತದೆ. ಕಡಲೆ, ಹುರುಳಿ, ಅವರೆಯಂಥ ಇಡೀ ಕಾಳುಗಳಲ್ಲಿ ಇದು ಇನ್ನೂ ಎದ್ದು ಕಾಣುತ್ತದೆ. ಚಿಟಿಕೆ ಅಡುಗೆ ಸೋಡಾ ಹಾಕಿದರೆ ಬೇಗ ಬೇಯುವುದು ನಿಜ. ಆದರೆ ಕೈ ಮೀರಿದರೆ ರುಚಿ ಕೆಡುತ್ತದೆ, ಬಿ1 ಜೀವಸತ್ವವೂ ನಾಶವಾಗುತ್ತದೆ. ನೆನೆಸುವುದಕ್ಕೂ ಬೇಯಿಸುವುದಕ್ಕೂ ಮೆದು ನೀರು ಬಳಸುವುದು ಉತ್ತಮ ದಾರಿ. ಅದಿಲ್ಲದಿದ್ದರೆ ಹಿಂದಿನ ರಾತ್ರಿ ನೀರನ್ನು ಹತ್ತು ನಿಮಿಷ ಕುದಿಸಿ, ಆರಿಸಿ, ತಳದ ಬಿಳಿ ಪುಡಿ ಕದಡದಂತೆ ಮೇಲಿನದನ್ನು ಬಸಿದುಕೊಳ್ಳಿ. ಹುಣಸೆರಸ, ಟೊಮೆಟೊ ಬೇಳೆ ಬೆಂದ ಮೇಲೇ ಬೀಳಲಿ, ಹುಳಿಯೂ ಬೇಯುವುದನ್ನು ತಡೆಯುತ್ತದೆ.

ಚಹಾದ ಮೇಲೆ ತೇಲುವ ತೆಳು ಪೊರೆಯೂ ಇದೇ ನೀರಿನ ಕೊಡುಗೆ. ಫಿಲ್ಟರ್ ಕಾಫಿ ಸಪ್ಪೆಯಾಗುವುದೂ ಹಾಗೆಯೇ. ಬೈಕಾರ್ಬೊನೇಟ್ ಡಿಕಾಕ್ಷನ್ನಿನ ಹಿತವಾದ ಹುಳಿಯನ್ನು ತಿಂದುಹಾಕುತ್ತದೆ. ಕಾಫಿಪುಡಿ ಬದಲಿಸುವ ಮೊದಲು ಒಂದು ದಿನ ಕ್ಯಾನ್ ನೀರಿನಲ್ಲಿ ಡಿಕಾಕ್ಷನ್ ಇಳಿಸಿ ನೋಡಿ.

ಇಡ್ಲಿ ಪಾತ್ರೆಯ ತಳ, ಕುಕ್ಕರ್, ಕೆಟಲ್‌ಗಳ ಬಿಳಿ ಪದರಕ್ಕೆ ಹುಳಿಯೇ ಮದ್ದು. ಇಡ್ಲಿ ಬೇಯಿಸುವ ನೀರಿಗೆ ಹಿಂಡಿದ ನಿಂಬೆಯ ಹೋಳೊಂದನ್ನು ಹಾಕಿಟ್ಟರೆ ಪದರ ಕಟ್ಟುವುದೇ ಇಲ್ಲ; ನಮ್ಮ ಅಡುಗೆಮನೆಗಳಿಗೆ ಹೊಸದಾಗಿ ಹೇಳಿಕೊಡಬೇಕಾದ ವಿದ್ಯೆ ಅದಲ್ಲ. ಶವರಿಗೆ ವಿನೆಗರ್ ತುಂಬಿದ ಪ್ಲಾಸ್ಟಿಕ್ ಚೀಲ ಕಟ್ಟಿ ಒಂದೆರಡು ಗಂಟೆ ಬಿಡಿ. ನಲ್ಲಿಯ ಬಾಯಿಯ ಜಾಲರಿಯನ್ನು ತಿರುಗಿಸಿ ಬಿಚ್ಚಿ ಅದರಲ್ಲೇ ಮುಳುಗಿಸಿ.

ಆದರೆ ನೆಲದ ಕಲ್ಲು ಯಾವುದೆಂದು ನೋಡಿಕೊಳ್ಳಿ. ಶಹಾಬಾದ್ ಕಲ್ಲು, ಕಡಪಾ ಕಲ್ಲು, ಅಮೃತಶಿಲೆ ಮೂರೂ ಸುಣ್ಣದಿಂದಾದ ಕಲ್ಲುಗಳೇ. ಹಕ್ಕಳೆಯನ್ನು ಕರಗಿಸುವ ಹುಳಿ ಅವುಗಳ ಹೊಳಪನ್ನೂ ಕರಗಿಸುತ್ತದೆ. ಗ್ರಾನೈಟಿಗೆ ನಿಂಬೆಯ ಭಯವಿಲ್ಲ. ಬಚ್ಚಲು ತೊಳೆಯಲು ಆಸಿಡ್ ಬಳಸುವವರು ಅದರೊಂದಿಗೆ ಬ್ಲೀಚಿಂಗ್ ಪುಡಿಯನ್ನಾಗಲಿ ಬ್ಲೀಚ್ ದ್ರಾವಣವನ್ನಾಗಲಿ ಎಂದೂ ಸೇರಿಸಬಾರದು. ಎರಡೂ ಸೇರಿದರೆ ಕ್ಲೋರಿನ್ ಅನಿಲ ಏಳುತ್ತದೆ. ಮುಚ್ಚಿದ ಬಚ್ಚಲಿನಲ್ಲಿ ಅದು ಜೀವಕ್ಕೇ ಸಂಚಕಾರ. ಮನೆಗೆಲಸಕ್ಕೆ ಬರುವವರಿಗೂ ಈ ಮಾತನ್ನು ತಪ್ಪದೆ ತಿಳಿಸಿ.

ಬಟ್ಟೆ, ಮೈ, ಕೂದಲು

ಸಾಬೂನು ಗಡಸು ನೀರಿಗೆ ಸೇರಿದಾಗ ಮೊದಲು ಕ್ಯಾಲ್ಸಿಯಂ ಜೊತೆ ಕೂಡಿ ಕರಗದ ಜಿಡ್ಡಾಗುತ್ತದೆ. ಎಲ್ಲ ಕ್ಯಾಲ್ಸಿಯಂ ಮುಗಿದ ಮೇಲಷ್ಟೇ ನೊರೆ. ರಸಾಯನಶಾಸ್ತ್ರದ ಲೆಕ್ಕದಲ್ಲಿ 1 ಗ್ರಾಂ ಗಡಸು ಸುಮಾರು 6 ಗ್ರಾಂ ಸಾಬೂನನ್ನು ನುಂಗುತ್ತದೆ. 400 ಗಡಸಿನ 20 ಲೀಟರ್ ಬಕೆಟಿನಲ್ಲಿರುವುದು 8 ಗ್ರಾಂ, ಅಂದರೆ 48 ಗ್ರಾಂ ಸಾಬೂನು ಕೊಳೆ ಮುಟ್ಟುವ ಮೊದಲೇ ವ್ಯರ್ಥ. ಬಿಳಿ ಬಟ್ಟೆ ಬೂದು ಬಣ್ಣಕ್ಕೆ ತಿರುಗುವುದು, ಟವೆಲ್ ಒರಟಾಗುವುದು ಆ ಜಿಡ್ಡು ನೂಲಿಗೆ ಅಂಟುವುದರಿಂದ. ಬಕೆಟಿಗೆ ಮೊದಲು ಒಂದೆರಡು ಚಮಚ ವಾಷಿಂಗ್ ಸೋಡಾ ಕರಗಿಸಿ, ಆಮೇಲೆ ಸೋಪು ಹಾಕಿದರೆ ಈ ನಷ್ಟ ತಪ್ಪುತ್ತದೆ. ಮಡಿವಾಳರು ಚೌಳು ಮಣ್ಣಿನಲ್ಲಿ ಬಟ್ಟೆ ಒಗೆಯುತ್ತಿದ್ದುದರ ಒಳಗುಟ್ಟೂ ಅದರಲ್ಲಿದ್ದ ಸೋಡಾ. ರೇಷ್ಮೆಗೂ ಉಣ್ಣೆಗೂ ಮಾತ್ರ ಸೋಡಾ ತಾಗಿಸಬೇಡಿ. ಮನೆಯಲ್ಲೇ ಒಗೆಯುವ ರೇಷ್ಮೆ ಸೀರೆಗೆ ಎರಡು ಬಕೆಟ್ ಮಳೆ ನೀರು ಎತ್ತಿಡಿ. ವಾಷಿಂಗ್ ಮೆಷಿನ್ ಪುಡಿಗಳಲ್ಲಿ ಗಡಸನ್ನು ಹಿಡಿದಿಡುವ ಅಂಶ ಮೊದಲೇ ಇರುತ್ತದೆ; ಗಡಸು ಹೆಚ್ಚಿದ್ದರೆ ಪೊಟ್ಟಣದ ಮೇಲೆ ಹೇಳಿದ ಅಳತೆಯನ್ನು ತುಸು ಏರಿಸಬೇಕು.

ತಲೆಗೆ ಸೀಗೆಕಾಯಿ, ಅಂಟುವಾಳ ಬಳಸುವವರಿಗೆ ಈ ನೀರಿನ ಕಾಟ ಕಡಿಮೆ. ಅವುಗಳ ನೊರೆ ಸಪೋನಿನ್‌ಗಳಿಂದ ಬರುತ್ತದೆ, ಸಾಬೂನಿನಂತೆ ಕ್ಯಾಲ್ಸಿಯಂ ಜೊತೆ ಸೇರಿ ಜಿಡ್ಡು ಕಟ್ಟುವುದಿಲ್ಲ. ಶಾಂಪೂ ಕೂಡ ಡಿಟರ್ಜೆಂಟ್ ಜಾತಿಯದಾದ್ದರಿಂದ ಪರವಾಗಿಲ್ಲ. ಗಡಸು ನೀರಿನಿಂದ ಕೂದಲು ಒರಟಾಗಬಹುದು, ಸಿಕ್ಕಾಗಬಹುದು. ಆದರೆ ಬುಡಸಮೇತ ಉದುರುತ್ತಿದ್ದರೆ ರಕ್ತಹೀನತೆ, ಥೈರಾಯ್ಡ್, ಇತ್ತೀಚೆಗೆ ಬಂದುಹೋದ ಜ್ವರ ಇವುಗಳನ್ನು ಮೊದಲು ನೋಡಬೇಕು. ಚರ್ಮ ಒಣಗುವುದಕ್ಕೆ ಮೈಯಲ್ಲಿ ಉಳಿಯುವ ಸಾಬೂನಿನ ಜಿಡ್ಡು ಒಂದು ಕಾರಣ. ಸಾಬೂನು ಕಡಿಮೆ ಮಾಡಿ ಕಡಲೆಹಿಟ್ಟು ಬಳಸುವುದರಿಂದ ಹಲವರಿಗೆ ಹಿತವೆನಿಸುತ್ತದೆ. ಇಸುಬು ಇರುವ ಮಕ್ಕಳ ಪಾಲಕರು ಒಂದು ವಿಷಯ ತಿಳಿದಿರಬೇಕು. ಇಂಗ್ಲೆಂಡಿನಲ್ಲಿ 336 ಮಕ್ಕಳ ಮೇಲೆ ನಡೆದು 2011ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಮನೆಗೆ ಸಾಫ್ಟ್‌ನರ್ ಹಾಕಿಸಿದ್ದರಿಂದ ಇಸುಬಿಗೆ ಹೆಚ್ಚುವರಿ ಪ್ರಯೋಜನ ಕಾಣಲಿಲ್ಲ.

ಕುಡಿದರೆ ಏನಾಗುತ್ತದೆ?

ಗಡಸುತನಕ್ಕೆ ಆರೋಗ್ಯದ ಆಧಾರದ ಮೇಲೆ ಮಿತಿ ಹಾಕುವ ಅಗತ್ಯವನ್ನು ವಿಶ್ವ ಆರೋಗ್ಯ ಸಂಸ್ಥೆ ಕಂಡಿಲ್ಲ. ಈ ನೀರಿನಿಂದಲೇ ಕಿಡ್ನಿಯಲ್ಲಿ ಕಲ್ಲಾಗುತ್ತದೆ ಎಂಬುದು ಸಾಬೀತಾಗಿಲ್ಲ. ಕಡಿಮೆ ನೀರು ಕುಡಿಯುವುದು ಅದಕ್ಕಿಂತ ಬಹು ದೊಡ್ಡ ಕಾರಣ. ರುಚಿ ಹಿಡಿಸದೆ ನೀರು ಕುಡಿಯುವುದನ್ನೇ ಕಡಿಮೆ ಮಾಡುವವರು ಕಲ್ಲಿಗೆ ದಾರಿ ಮಾಡಿಕೊಡುತ್ತಾರೆ.

ನಿಜವಾಗಿ ಹೆದರಬೇಕಾದದ್ದು ಫ್ಲೋರೈಡಿಗೆ. ಅದಕ್ಕೆ ರುಚಿಯಿಲ್ಲ, ಬಣ್ಣವಿಲ್ಲ, ಅದು ಹಕ್ಕಳೆ ಕಟ್ಟುವುದಿಲ್ಲ, ಕುದಿಸಿದರೆ ಹೋಗುವುದೂ ಇಲ್ಲ. ಪಾವಗಡ, ಬಾಗೇಪಲ್ಲಿ, ಮುಂಡರಗಿ ಸೀಮೆಯ ಹಳ್ಳಿಗಳಲ್ಲಿ ಹಲ್ಲು ಕಂದಾದ ಮಕ್ಕಳನ್ನೂ ಸೊಂಟ ಬಾಗಿದ ಹಿರಿಯರನ್ನೂ ಕಂಡವರಿಗೆ ಅದರ ಅರ್ಥ ಗೊತ್ತು. ಮಿತಿ ಲೀಟರಿಗೆ 1 ಮಿಲಿಗ್ರಾಂ, ಅನಿವಾರ್ಯವಾದರೆ 1.5. ಕ್ಯಾಲ್ಸಿಯಂ ಕಡಿಮೆ ಇರುವ ನೀರಿನಲ್ಲಿ ಫ್ಲೋರೈಡ್ ಹೆಚ್ಚು ಕರಗಿ ಉಳಿಯಬಲ್ಲದು. ಹಾಗಾಗಿ ನಮ್ಮ ಬೋರ್ ನೀರು ಸಿಹಿ, ಹಕ್ಕಳೆಯೇ ಕಟ್ಟುವುದಿಲ್ಲ ಎಂದು ನೆಮ್ಮದಿಯಿಂದಿರುವವರೂ ಪರೀಕ್ಷೆ ಮಾಡಿಸಲೇಬೇಕು. ನೈಟ್ರೇಟ್ 45 ಮಿಲಿಗ್ರಾಂ ಮೀರಿದರೆ ಕೈಗೂಸುಗಳಿಗೆ ಅಪಾಯ. ಚರಂಡಿ, ಶೌಚಗುಂಡಿ ಹತ್ತಿರವಿರುವ ಬೋರ್‌ವೆಲ್‌ಗಳಲ್ಲಿ ಅದು ಸಾಮಾನ್ಯ.

ಯಂತ್ರಗಳು

ಸಾಫ್ಟ್‌ನರ್ ಒಳಗೆ ರಾಳದ ಸಣ್ಣ ಮಣಿಗಳಿರುತ್ತವೆ. ಅವು ನೀರಿನ ಕ್ಯಾಲ್ಸಿಯಂ, ಮೆಗ್ನೀಸಿಯಂಗಳನ್ನು ಹಿಡಿದುಕೊಂಡು ಬದಲಿಗೆ ಸೋಡಿಯಂ ಬಿಡುತ್ತವೆ. ಮಣಿಗಳ ಶಕ್ತಿ ತೀರಿದಾಗ ಉಪ್ಪುನೀರು ಹಾಯಿಸಿ ಮತ್ತೆ ಸಜ್ಜುಗೊಳಿಸಬೇಕು. ಗಡಸು ಹೋದರೂ ಟಿಡಿಎಸ್ ಇಳಿಯುವುದಿಲ್ಲ. ಇದನ್ನು ಅರಿಯದೆ ಯಂತ್ರ ಕೆಟ್ಟಿದೆ ಎಂದು ಜಗಳವಾಡುವವರಿದ್ದಾರೆ. 500 ಗಡಸಿನ ನೀರು ಪೂರ್ತಿ ಮೆದುವಾದಾಗ ಲೀಟರಿಗೆ ಸುಮಾರು 230 ಮಿಲಿಗ್ರಾಂ ಸೋಡಿಯಂ ಸೇರಿರುತ್ತದೆ. ಆದ್ದರಿಂದ ಆ ನೀರು ಬಚ್ಚಲಿಗೆ, ಗೀಸರಿಗೆ, ಬಟ್ಟೆಗೆ ಸರಿ. ರಕ್ತದೊತ್ತಡವಿರುವವರ ಕುಡಿಯುವ ನೀರಿಗೆ, ತುಳಸಿಗೆ, ಹೂಗಿಡಗಳಿಗೆ ಸಲ್ಲದು. ಗಡಸನ್ನು ಸೊನ್ನೆಗೆ ಇಳಿಸುವುದೂ ಬೇಕಿಲ್ಲ. ಸ್ವಲ್ಪ ನೀರನ್ನು ಬೈಪಾಸ್ ಮಾಡಿ 75ರಿಂದ 100ರ ಆಸುಪಾಸು ಇಟ್ಟರೆ ಉಪ್ಪೂ ಉಳಿಯುತ್ತದೆ, ಮೈ ಜಾರುವುದೂ ತಪ್ಪುತ್ತದೆ. ನೀರು ಕೆಂಪಗಿದ್ದರೆ ಮೊದಲು ಕಬ್ಬಿಣ ತೆಗೆಯುವ ಫಿಲ್ಟರ್ ಬೇಕು, ಇಲ್ಲವಾದರೆ ರಾಳ ಹಾಳಾಗುತ್ತದೆ. ಅಪಾರ್ಟ್‌ಮೆಂಟಿನವರು ನಿರ್ವಹಣಾ ಸಭೆಯಲ್ಲಿ ಕೇಳಬೇಕಾದ್ದು ಎರಡು: ಸಾಫ್ಟ್‌ನರಿನ ನಂತರದ ಗಡಸುತನ ಪ್ರತಿ ತಿಂಗಳು ಎಷ್ಟಿದೆ, ತೊಳೆದ ಉಪ್ಪುನೀರು ಎಲ್ಲಿಗೆ ಹೋಗುತ್ತಿದೆ. ಅದನ್ನು ಇಂಗುಗುಂಡಿಗೆ ಬಿಟ್ಟರೆ ನಾಳೆ ಅದೇ ಬೋರ್‌ವೆಲ್ಲಿನಲ್ಲಿ ಮೇಲೆ ಬರುತ್ತದೆ.

ಆರ್‌ಒ ಬಹುಪಾಲು ಲವಣಗಳನ್ನು ತೆಗೆಯುತ್ತದೆ, ಫ್ಲೋರೈಡನ್ನೂ ಬಹುಮಟ್ಟಿಗೆ ತಗ್ಗಿಸುತ್ತದೆ. ಆದರೆ ಒಂದು ಲೀಟರಿಗೆ ಎರಡು ಮೂರು ಲೀಟರ್ ಚೆಲ್ಲುವ ಮನೆಬಳಕೆಯ ಯಂತ್ರಗಳೇ ಹೆಚ್ಚು. ಕಾವೇರಿ ನೀರಿಗೆ ಅದು ಬೇಡವೇ ಬೇಡ. ಕುದಿಸಿದರೆ ಅಥವಾ ಯುವಿ ಇದ್ದರೆ ಸಾಕು. ಮಾರಾಟದವರು ಗಾಜಿನ ಲೋಟಕ್ಕೆ ಎರಡು ಕಡ್ಡಿ ಇಳಿಸಿ ಕರೆಂಟ್ ಕೊಟ್ಟು, ನಿಮ್ಮ ನೀರು ಕಂದು ಕೆಸರಾಗುವುದನ್ನು ತೋರಿಸಿದರೆ ನಂಬಬೇಡಿ. ಆ ಕೆಸರು ಕರಗಿದ ಕಬ್ಬಿಣದ ಕಡ್ಡಿಯದು. ಆರ್‌ಒ ನೀರಿನಲ್ಲಿ ಲವಣವಿಲ್ಲದೆ ಕರೆಂಟ್ ಅಷ್ಟಾಗಿ ಹರಿಯದ ಕಾರಣ ಅದು ತಿಳಿಯಾಗಿ ಉಳಿಯುತ್ತದೆ, ಅಷ್ಟೆ. ಪಟಿಕ, ಕ್ಯಾಂಡಲ್ ಫಿಲ್ಟರ್, ಯುವಿ ಇವು ಗಡಸು ತೆಗೆಯುವುದಿಲ್ಲ. ಪೈಪಿಗೆ ಸುತ್ತುವ ಅಯಸ್ಕಾಂತದ ಪಟ್ಟಿಗಳ ಪರವಾಗಿ ಗಟ್ಟಿ ಪುರಾವೆಯಿಲ್ಲ.

ಮೇಲಿಂದ ಬೀಳುವ ಮೆದು ನೀರು

ಬೆಂಗಳೂರಿನಲ್ಲಿ ಮಳೆ ನೀರು ಸಂಗ್ರಹ 2009ರಿಂದ ನಿಗದಿತ ಅಳತೆಯ ನಿವೇಶನಗಳಿಗೆ ಕಡ್ಡಾಯ. ಬಹಳ ಕಡೆ ಅದು ಒಂದು ಪೈಪು, ಒಂದು ಗುಂಡಿಯಾಗಿ ಮುಗಿದಿರುವುದು ನೋವಿನ ವಿಷಯ. ವರ್ಷಕ್ಕೆ ಸುಮಾರು 970 ಮಿಲಿಮೀಟರ್ ಮಳೆ ಬೀಳುವ ಈ ಊರಿನಲ್ಲಿ 100 ಚದರ ಮೀಟರ್ ತಾರಸಿಯಿಂದ, ಐದರಲ್ಲೊಂದು ಪಾಲು ಕಳೆದರೂ, 75,000 ಲೀಟರ್ ಮೀರಿ ಸಿಗುತ್ತದೆ. ಎಲ್ಲವನ್ನೂ ಕೂಡಿಡಲು ಜಾಗ ಯಾರಿಗೂ ಇಲ್ಲ. 2,000 ಲೀಟರಿನ ಒಂದು ಡ್ರಮ್ಮು ಸಾಕು. ಬೇಳೆ, ಅನ್ನ, ಕಾಫಿಗೆ ದಿನಕ್ಕೆ 20 ಲೀಟರ್ ತೆಗೆದರೆ ಅದು 100 ದಿನ ಬರುತ್ತದೆ, ನಡುವೆ ಮಳೆ ಬಂದಾಗಲೆಲ್ಲ ಮತ್ತೆ ತುಂಬುತ್ತದೆ. ತಾರಸಿ ಗುಡಿಸಿ, ಋತುವಿನ ಮೊದಲ ಒಂದೆರಡು ಮಳೆಯನ್ನು ಹೊರಗೆ ಬಿಡಬೇಕು. ಜಲ್ಲಿ, ಮರಳಿನ ಸೋಸುತೊಟ್ಟಿ ಹಾಯಿಸಿ, ಬೆಳಕು ಬೀಳದ, ಸೊಳ್ಳೆ ನುಗ್ಗದ ಮುಚ್ಚಳದಡಿ ಇಡಬೇಕು. ಕುಡಿಯುವುದಾದರೆ ಕುದಿಸಿ. ಹೆಚ್ಚಾಗಿ ಹರಿದದ್ದನ್ನು ನಿಮ್ಮ ಬೋರ್‌ವೆಲ್ಲಿನ ಪಕ್ಕದ ಇಂಗುಗುಂಡಿಗೆ, ಸೋಸಿದ ಮೇಲೆಯೇ, ತಿರುಗಿಸಿ. ಕೆಲವು ಮಳೆಗಾಲ ಕಳೆದ ಮೇಲೆ ಅದೇ ಕಿಟ್‌ನಿಂದ ಗಡಸುತನವನ್ನು ಮತ್ತೆ ಅಳೆದು, ಹಳೆಯ ಅಂಕಿಯ ಪಕ್ಕದಲ್ಲಿ ಬರೆದಿಡಿ.